ಎಳೆಯ ಕಾಯವೂ ವಿದ್ಯೆಯ ಕಾಯಕವೂ

(ತಲ್ಲೂರಿನಲ್ಲಿ ನೆರೆದ ಸದ್ಭಕ್ತರ ಸಭೆಯಲ್ಲಿ ಮಾಡಿದ ಉಪನ್ಯಾಸ)



ಶ್ರೀಮಠದ ಮಹೋತ್ಸವದ ಈ ಶುಭಕಾಲದಲ್ಲಿ ತತ್ತ್ವವಿಚಾರವನ್ನು ಕುರಿತು ಮಾತನಾಡಲು ಸಮರ್ಥರಾದವರು ಅನೇಕರಿರುವರು. ನಾನಾದರೋ ಸಣ್ಣದೊಂದು ವಿಷಯವನ್ನು ಎತ್ತಿಕೊಂಡಿರುವೆನು. ವಯಸ್ಸಿಗೆ ತಕ್ಕ ಬೆಳವಣಿಗೆಯಿಲ್ಲದೆ, ತರಗತಿಯಲ್ಲಿ ಎಲ್ಲರಿಗಿಂತಲೂ ಗಿಡ್ಡಾಗಿದ್ದು, ಎರಡನೆಯ ಪಾಠವು ಮುಗಿಯುವಷ್ಟರಲ್ಲಿಯೇ ಬಾಡಿ ಪುಸ್ತಕದ ಮೇಲೆ ತಲೆಯಿಡುವ ಮಗುವೇ ಆ ವಿಷಯವು.

ಇಂತಹ ಮಗುವನ್ನು ಲೋಕವು ಸೋಮಾರಿಯೆಂದೂ ಮಂದಮತಿಯೆಂದೂ ಕರೆಯುವುದು. ಇವೆರಡೂ ಮನಸ್ಸಿನ ಮೇಲೆ ಹೊರಿಸುವ ದೋಷಗಳು. ಕೊರತೆಯಾದರೋ ಬಹುಮಟ್ಟಿಗೆ ದೇಹದಲ್ಲಿರುವುದು. ನಿದಾನವು ತಪ್ಪಿದರೆ ಚಿಕಿತ್ಸೆಯೂ ತಪ್ಪುವುದೆಂಬುದು ವೈದ್ಯಶಾಸ್ತ್ರದ ಮೊದಲ ಪಾಠವಷ್ಟೆ. ಹಸಿದ ದೇಹಕ್ಕೆ ಬೈಗುಳವನ್ನು ಮದ್ದಾಗಿ ಕೊಟ್ಟಲ್ಲಿ ಹಸಿವು ಹೋಗದು. ಮಗುವಿನ ಧೈರ್ಯವು ಹೋಗುವುದು. ದಿನವೂ ಕೇಳಿದ ಮಾತನ್ನು ಮಗುವು ನಂಬುವುದು. ತಾನು ಕಲಿಯಲಾರೆನೆಂದು ಒಮ್ಮೆ ನಂಬಿದ ಮಗುವಿಗೆ ಮುಂದೆ ಎಷ್ಟು ಅನ್ನವಿಕ್ಕಿದರೂ ಆ ನಂಬಿಕೆಯು ಸುಲಭವಾಗಿ ಅಳಿಯದು. ಆದುದರಿಂದಲೇ ಈ ವಿಷಯವು ಸಣ್ಣದಾಗಿ ಕಂಡರೂ ಸಣ್ಣದಲ್ಲ.

ನಮ್ಮ ಶರಣಧರ್ಮದಲ್ಲಿ ಕಾಯಕಕ್ಕಿರುವ ಸ್ಥಾನವನ್ನು ನಿಮಗೆ ಹೇಳಬೇಕಾದುದಿಲ್ಲ. ಆ ಶಬ್ದದೊಳಗೇ ಕಾಯವಿರುವುದನ್ನು ಮಾತ್ರ ಗಮನಿಸಿರಿ. ವಿದ್ಯಾರ್ಥಿಗೆ ಅಧ್ಯಯನವೇ ಕಾಯಕವು. ಕಾಯವನ್ನು ಕಡೆಗಣಿಸಿ ಕಾಯಕವನ್ನು ಮಾತ್ರ ಕೇಳುವುದು, ಎತ್ತಿಗೆ ಹುಲ್ಲು ಹಾಕದೆ ಗದ್ದೆಯನ್ನು ಉಳು ಎಂದಂತೆಯೇ ಸರಿ.

ಈಗ ಸಣ್ಣದೊಂದು ಲೆಕ್ಕವನ್ನು ಮಾಡೋಣ. ಹಿಂದಿನ ರಾತ್ರಿ 8 ಗಂಟೆಗೆ ಉಂಡ ಮಗುವು ಬೆಳಿಗ್ಗೆ ಬರಿಯ ಚಹವನ್ನು ಕುಡಿದು ಹೊರಟಿತೆಂದು ತಿಳಿಯಿರಿ. ಮಧ್ಯಾಹ್ನ 1 ಗಂಟೆಗೆ ಎಲೆಯ ಮುಂದೆ ಕುಳಿತರೆ ನಡುವೆ 17 ಗಂಟೆಗಳು ಕಳೆದಿರುವುವು. ಉಂಡ ಅನ್ನದ ಸಾರವನ್ನು ಪಿತ್ತಜನಕಾಂಗವು ಸ್ವಲ್ಪ ಕೂಡಿಟ್ಟುಕೊಂಡು ಬೇಕಾದಾಗ ರಕ್ತಕ್ಕೆ ಬಿಡುವುದು. ದೊಡ್ಡವರಲ್ಲಿ ಈ ಕಣಜವು ದೊಡ್ಡದು, ಎಳೆಯರಲ್ಲಿ ಚಿಕ್ಕದು, ಕೃಶವಾದ ಮಗುವಿನಲ್ಲಿ ಇನ್ನೂ ಚಿಕ್ಕದು. ಸಾಲದುದಕ್ಕೆ ನಮ್ಮ ಈ ಕರಾವಳಿಯಲ್ಲಿ ಶಾಲೆಯ ಆರಂಭವೂ ಮಳೆಗಾಲದ ಆರಂಭವೂ ಕೂಡಿಯೇ ಬರುವುವು. ಕೊಡೆ ಹಿಡಿದು, ಗದ್ದೆಯ ಅಂಚಿನಲ್ಲಿ ಕೆಸರು ತುಳಿದು, ನೆನೆದ ಬಟ್ಟೆಯಲ್ಲಿ ನಡುಗುತ್ತ ಬಂದು ಕುಳಿತ ಮಗುವು ಹತ್ತೂವರೆ ಗಂಟೆಗೆ ತೂಕಡಿಸಿದರೆ ಆಶ್ಚರ್ಯವೇನು?

ಹಾಗಾದರೆ ಮಾಡತಕ್ಕದ್ದೇನು? ಮೊದಲನೆಯದು ಬೆಳಗಿನ ಆಹಾರವು. ಇದಕ್ಕೆ ಪೇಟೆಯ ಡಬ್ಬಿಯ ಪುಡಿಗಳನ್ನು ಹುಡುಕಬೇಕಾದುದಿಲ್ಲ. ಕುಚ್ಚಲಕ್ಕಿಯ ಗಂಜಿಗೆ ಒಂದು ಚಮಚ ತುಪ್ಪ, ಬದಿಗೆ ಹುರುಳಿಯ ಚಟ್ನಿ ಅಥವಾ ಹೆಸರಿನ ಪಲ್ಯ, ಇಷ್ಟು ಸಾಕು. ಉದ್ದು, ಹುರುಳಿ, ನೆಲಗಡಲೆಗಳು ನಮ್ಮ ಸೀಮೆಯಲ್ಲಿಯೇ ಬೆಳೆಯತಕ್ಕವು. ಹರಿವೆ, ಬಸಳೆ, ನುಗ್ಗೆಗಳು ಹಿತ್ತಿಲಲ್ಲಿರುವುವು. ಹೊಟ್ಟೆ ಚಿಕ್ಕದಾದ ಮಗುವು ಒಂದೇ ಸಲಕ್ಕೆ ಬಹಳ ಉಣ್ಣಲಾರದು. ಬಲಾತ್ಕಾರವು ಅನ್ನದ ಮೇಲೆಯೇ ಅರುಚಿಯನ್ನು ಹುಟ್ಟಿಸುವುದು. ಆದುದರಿಂದ ಸ್ವಲ್ಪಸ್ವಲ್ಪವಾಗಿ ಹಲವು ಸಲ ಕೊಡಿರಿ. ನಡುವಿನ ವಿರಾಮದಲ್ಲಿ ತಿನ್ನಲು ಬಾಳೆಹಣ್ಣನ್ನೋ ನೆಲಗಡಲೆ ಬೆಲ್ಲದ ಉಂಡೆಯನ್ನೋ ಚೀಲದಲ್ಲಿಡಿರಿ. ಊಟದೊಡನೆ ಚಹವನ್ನು ಮಾತ್ರ ಕೊಡಬೇಡಿರಿ. ಅದು ಆಹಾರದಲ್ಲಿರುವ ಕಬ್ಬಿಣದ ಅಂಶವು ರಕ್ತಕ್ಕೆ ಸೇರುವುದನ್ನು ತಡೆಯುವುದು. ನಿಂಬೆ, ನೆಲ್ಲಿ, ಪೇರಳೆಗಳು ಅದಕ್ಕೆ ಸಹಾಯವನ್ನು ಮಾಡುವುವು.

ಎರಡನೆಯದು ಶಾಲೆಯಲ್ಲಿ ದೊರೆಯುವ ಅನ್ನವು. ಕರ್ನಾಟಕದಲ್ಲಿ 2002ರಲ್ಲಿ ಆರಂಭವಾದ ಬಿಸಿಯೂಟಕ್ಕೆ ‘ಅಕ್ಷರ ದಾಸೋಹ’ವೆಂಬ ಹೆಸರನ್ನಿಟ್ಟರು. ಶರಣರ ಶಬ್ದವು ಸರಕಾರದ ಪಾಕಶಾಲೆಗೂ ಸಂದುದು ನಮಗೆ ಅಭಿಮಾನದ ಸಂಗತಿಯು. ಕಿರಿಯ ಪ್ರಾಥಮಿಕ ತರಗತಿಯ ಮಗುವಿಗೆ ದಿನಕ್ಕೆ 100 ಗ್ರಾಂ ಧಾನ್ಯ, 20 ಗ್ರಾಂ ಬೇಳೆ, 50 ಗ್ರಾಂ ತರಕಾರಿ ಎಂಬುದು ಅದರ ಪ್ರಮಾಣವು. 2013ರ ಆಗಸ್ಟಿನಲ್ಲಿ ‘ಕ್ಷೀರಭಾಗ್ಯ’ವು ಬಂದು, 150 ಮಿ.ಲೀ. ಹಾಲೂ ಇದಕ್ಕೆ ಸೇರಿತು. ‘ನಮ್ಮ ಮಗು ಅದನ್ನೆಲ್ಲ ಉಣ್ಣಬೇಕೆ?’ ಎಂಬ ಬಿಂಕವನ್ನು ಕೆಲವರಲ್ಲಿ ಕಂಡಿರುವೆನು. ಪಂಕ್ತಿಯಲ್ಲಿ ಕುಳಿತು ಉಣ್ಣುವುದರಲ್ಲಿ ಕೀಳೇನಿರುವುದು? ತುಮಕೂರಿನ ಸಿದ್ಧಗಂಗೆಯಲ್ಲಿ, 2019ರಲ್ಲಿ ಲಿಂಗೈಕ್ಯರಾದ ಶ್ರೀ ಶಿವಕುಮಾರ ಸ್ವಾಮಿಗಳು ಸಾವಿರಾರು ಮಕ್ಕಳಿಗೆ ಅನ್ನವನ್ನೂ ವಸತಿಯನ್ನೂ ಅಕ್ಷರವನ್ನೂ ಒಟ್ಟಿಗೇ ನೀಡಿದರು. ಅನ್ನವನ್ನು ಬಿಟ್ಟು ಅಕ್ಷರವನ್ನು ಮಾತ್ರ ಕೊಡಲು ಅವರು ಹೊರಡಲಿಲ್ಲ.

ಮೂರನೆಯದು ಪರೀಕ್ಷೆಯು; ಪಾಠದ ಪರೀಕ್ಷೆಯಲ್ಲ, ದೇಹದ ಪರೀಕ್ಷೆಯು. ಅನ್ನವಿದ್ದೂ ಮಗುವು ಬಾಡುವುದಾದರೆ ಬೇರೆ ಕಾರಣಗಳನ್ನು ನೋಡಬೇಕು. 2019ರಿಂದ 2021ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, ನಮ್ಮ ರಾಜ್ಯದ ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ ಸುಮಾರು 35 ಮಂದಿ ವಯಸ್ಸಿಗೆ ತಕ್ಕ ಎತ್ತರವಿಲ್ಲದವರೆಂದೂ, ಆರು ತಿಂಗಳು ದಾಟಿದವರಲ್ಲಿ ನೂರಕ್ಕೆ ಸುಮಾರು 65 ಮಂದಿ ರಕ್ತಹೀನತೆಯುಳ್ಳವರೆಂದೂ ಕಂಡುಬಂದಿತು. ರಕ್ತವು ತೆಳುವಾದ ಮಗುವಿಗೆ ಏದುಸಿರು, ಆಯಾಸ, ಮರೆವು ಸಹಜವು. ಹೊಟ್ಟೆಯ ಹುಳುಗಳೂ ರಕ್ತವನ್ನು ಕದಿಯುವುವು. ಅದಕ್ಕೆಂದೇ 2015ರಿಂದ ದೇಶದಲ್ಲಿ ಜಂತುಹುಳು ನಿವಾರಣಾ ದಿನವನ್ನು ಆಚರಿಸಿ ಶಾಲೆಗಳಲ್ಲಿ ಮಾತ್ರೆಯನ್ನು ಕೊಡುತ್ತಿರುವರು, ಅದನ್ನು ತಪ್ಪಿಸಬೇಡಿರಿ. ಆರರಿಂದ ಹನ್ನೆರಡು ವರ್ಷದ ಮಕ್ಕಳಿಗೆ ಕಡಿಮೆಯೆಂದರೆ 9 ಗಂಟೆಗಳ ನಿದ್ರೆಯು ಬೇಕು.

ತಂದೆತಾಯಿಗಳು ಗಿಡ್ಡರಾಗಿದ್ದರೆ ಮಗುವೂ ಗಿಡ್ಡಾಗಿರಬಹುದು, ಅದು ರೋಗವಲ್ಲ. ಹುಟ್ಟಿದಹಬ್ಬದ ದಿನ ಬಾಗಿಲ ಚೌಕಟ್ಟಿನ ಮೇಲೆ ಗೆರೆ ಎಳೆದು ವರ್ಷವರ್ಷವೂ ಅಳೆಯಿರಿ. ಐದು ವರ್ಷ ಕಳೆದ ಮಗುವು ವರ್ಷಕ್ಕೆ ಐದಾರು ಸೆಂಟಿಮೀಟರು ಬೆಳೆಯಬೇಕು. ನಾಲ್ಕಕ್ಕಿಂತ ಕಡಿಮೆಯಾದರೆ, ತೂಕವು ಇಳಿದರೆ, ಇಲ್ಲವೆ ಆಟದಲ್ಲಿಯೂ ದಣಿವು ಕಂಡರೆ, ಹರಕೆಯನ್ನು ಹೊತ್ತು ಕಾಯುತ್ತ ಕೂರದೆ ವೈದ್ಯರಿಗೆ ತೋರಿಸತಕ್ಕದ್ದು.

ಇನ್ನು ಉಪಾಧ್ಯಾಯರಲ್ಲಿ ಎರಡು ವಿಜ್ಞಾಪನೆಗಳು. ಪುಸ್ತಕದ ಚೀಲವು ಮಗುವಿನ ತೂಕದ ಹತ್ತನೆಯ ಒಂದು ಪಾಲನ್ನು ಮೀರಬಾರದೆಂಬುದೇ ಸರಕಾರದ 2019ರ ಆಜ್ಞೆಯ ಆಶಯವು. 25 ಕಿಲೋ ತೂಗುವವನಿಗೆ ಎರಡೂವರೆ ಕಿಲೋ ಹಗುರವು. 15 ಕಿಲೋ ತೂಗುವ ಸಹಪಾಠಿಗೆ ಅದೇ ಚೀಲವು ಹೊರೆಯು. ಅಳತೆಯು ತರಗತಿಗಲ್ಲ, ಮಗುವಿಗೆ. ಅಂತೆಯೇ ಕಠಿಣವಾದ ಪಾಠವನ್ನು ಹಾಲು ಕುಡಿದ ಬಳಿಕ ಇಟ್ಟುಕೊಂಡು, ಬಾಡಿದ ಮಗುವಿಗೆ ಎದ್ದು ನೀರು ಕುಡಿದು ಬರಲು ಅವಕಾಶವನ್ನು ಕೊಡಿರಿ.

ಎರಡನೆಯದು ಇನ್ನೂ ಮುಖ್ಯವಾದುದು. ಎತ್ತರವನ್ನು ನೋಡಿ ಎಂಟು ವರ್ಷದವನನ್ನು ಐದು ವರ್ಷದವನಂತೆ ಎತ್ತಿ ಮುದ್ದಿಸಬೇಡಿರಿ. ‘ಕುಳ್ಳ’ನೆಂದು ಕೂಗಲು ಇತರರಿಗೆ ಬಿಡಬೇಡಿರಿ. ಆಟದಲ್ಲಿ ಅವನನ್ನು ಬದಿಗೆ ಕೂರಿಸದೆ ಅವನ ಶಕ್ತಿಗೆ ತಕ್ಕ ಪಾತ್ರವನ್ನು ಕೊಡಿರಿ. ಅವನ ವಯಸ್ಸಿನ ಮರ್ಯಾದೆಯು ಅವನಿಗೆ ಸಲ್ಲತಕ್ಕದ್ದು.

ಸಭಿಕರೇ, ದಾಸೋಹವೆಂದರೆ ಮಠದ ಜಗಲಿಯಲ್ಲಿ ಎಲೆ ಹಾಕುವುದು ಮಾತ್ರವಲ್ಲ. ಬೆಳಿಗ್ಗೆ ಏಳೂವರೆಗೆ ಬಟ್ಟಲು ಗಂಜಿಯನ್ನು ಆರಿಸಿ ಮಗುವಿನ ಮುಂದಿಡುವ ತಾಯಿಯೂ, ನೆರೆಮನೆಯ ಬಡಮಗುವನ್ನು ಅದೇ ಪಂಕ್ತಿಗೆ ಕರೆಯುವ ಗೃಹಸ್ಥನೂ ದಾಸೋಹಿಗಳೇ. ತಲ್ಲೂರಿನ ಯಾವ ಮಗುವೂ ಬರಿಹೊಟ್ಟೆಯಲ್ಲಿ ಶಾಲೆಯ ಮೆಟ್ಟಿಲನ್ನು ಹತ್ತದಿರಲಿ ಎಂಬ ಸಂಕಲ್ಪವನ್ನು ಈ ಮಹೋತ್ಸವದಲ್ಲಿ ನೀವೆಲ್ಲರೂ ಕೈಗೊಳ್ಳಬೇಕೆಂದು ಪ್ರಾರ್ಥಿಸುವೆನು.