ಅಂಜಿಕೆ ಯಾರದು?
(ಸಂಘದ ಸಭೆಯಲ್ಲಿ ಮಾಡಿದ ಭಾಷಣ)



ಈ ಸಂಜೆ ‘ಹೋಮೋಫೋಬಿಯಾ’ ಎಂಬ ಒಂದು ಪದದ ವಿಚಾರವನ್ನು ತಮ್ಮ ಮುಂದಿಡುತ್ತೇವೆ. ಪರದೇಶದ ಈ ಮಾತು ನಮಗೇಕೆ ಎಂದು ಕೆಲವರು ಕೇಳಬಹುದು. ಪದ ಪರದೇಶದ್ದು ನಿಜ. ಅದು ಹೆಸರಿಸುವ ದೋಷವಾದರೋ ನಮ್ಮ ಕ್ಯಾಂಟೀನಿನ ಬೆಂಚಿನ ಮೇಲೂ ಉಂಟು.

ಗಂಡು ಗಂಡನ್ನು, ಹೆಣ್ಣು ಹೆಣ್ಣನ್ನು ಪ್ರೀತಿಸಿದರೆ ಅಂಥವರನ್ನು ಸಲಿಂಗಪ್ರೇಮಿಗಳೆನ್ನುತ್ತೇವೆ. ಅವರ ಮೇಲಿನ ಅಂಜಿಕೆ, ಹೇವರಿಕೆ, ಹಗೆತನಗಳಿಗೆ ಈ ಹೆಸರು. ಗ್ರೀಕ್ ಭಾಷೆಯಲ್ಲಿ ‘ಫೋಬೋಸ್’ ಎಂದರೆ ಭಯ. ಅಮೆರಿಕದ ಮನಶ್ಶಾಸ್ತ್ರಜ್ಞ ಜಾರ್ಜ್ ವೈನ್‌ಬರ್ಗ್ 1960ರ ದಶಕದಲ್ಲಿ ಈ ಪದವನ್ನು ಕಟ್ಟಿದರು. 1972ರ ಅವರ ಪುಸ್ತಕದಿಂದ ಅದು ಹರಡಿತು. ಅದುವರೆಗೆ ಅಲ್ಲಿನ ವೈದ್ಯರು ಸಲಿಂಗಪ್ರೇಮವನ್ನೇ ರೋಗವೆನ್ನುತ್ತಿದ್ದರು. 1973ರಲ್ಲಿ ಅಮೆರಿಕದ ಮನೋವೈದ್ಯರ ಸಂಘವು ಅದನ್ನು ರೋಗಗಳ ಪಟ್ಟಿಯಿಂದ ತೆಗೆಯಿತು. ‘ನಿನಗೇನಾಗಿದೆ?’ ಎಂದು ಅವರನ್ನು ಕೇಳುತ್ತಿದ್ದ ಸಮಾಜವನ್ನು ‘ನಿನಗೇಕೆ ಅಂಜಿಕೆ?’ ಎಂದು ಕೇಳಿದ್ದೇ ಈ ಪದದ ಹೆಚ್ಚುಗಾರಿಕೆ.

ಆದರೂ ಬರಿಯ ಭಯವೆಂದರೆ ಸಾಲದು. ಹಾವಿಗೆ ಹೆದರಿದವನು ದೂರ ಓಡುತ್ತಾನೆ. ಈ ಭಯಸ್ಥನು ಬೆನ್ನಟ್ಟಿ ಹೊಡೆಯುತ್ತಾನೆ. ಆದುದರಿಂದ ಇದು ಕಲಿತ ಪೂರ್ವಗ್ರಹ. ಕಲಿತುದನ್ನು ಬಿಡಲೂಬಹುದು.

ನಮ್ಮ ದಿಲ್ಲಿಯನ್ನೇ ನೋಡಿ. ಕನಾಟ್ ಪ್ಲೇಸಿನ ಸೆಂಟ್ರಲ್ ಪಾರ್ಕಿನಲ್ಲಿ ಪೊಲೀಸರು ಇಂಥವರನ್ನು ಹಿಡಿದೊಯ್ದುದನ್ನು ವಿರೋಧಿಸಿ, 1992ರ ಆಗಸ್ಟ್ 11ರಂದು ಪೊಲೀಸ್ ಕೇಂದ್ರ ಕಚೇರಿಯ ಮುಂದೆ ಪ್ರತಿಭಟನೆ ನಡೆಯಿತು. ಪೊಲೀಸರ ಕೈಯಲ್ಲಿದ್ದ ಅಸ್ತ್ರವು ಬ್ರಿಟಿಷರು 1860ರಲ್ಲಿ ಬರೆದಿಟ್ಟ ದಂಡಸಂಹಿತೆಯ 377ನೆಯ ಕಲಮು. ದಿಲ್ಲಿ ಹೈಕೋರ್ಟು 2009ರ ಜುಲೈ 2ರಂದು ಅದರ ಹಲ್ಲು ಕಿತ್ತಿತು. 2013ರಲ್ಲಿ ಸುಪ್ರೀಂ ಕೋರ್ಟು ಆ ತೀರ್ಪನ್ನು ರದ್ದುಮಾಡಿತು. 2018ರ ಸೆಪ್ಟೆಂಬರ್ 6ರಂದು ಅದೇ ನ್ಯಾಯಾಲಯದ ಐವರು ನ್ಯಾಯಾಧೀಶರು, ವಯಸ್ಕರು ಪರಸ್ಪರ ಒಪ್ಪಿ ನಡೆಸುವ ಸಂಬಂಧ ಅಪರಾಧವಲ್ಲವೆಂದು ಒಮ್ಮತದಿಂದ ಸಾರಿದರು.

ತೀರ್ಪು ಸೆರೆಮನೆಯ ಬಾಗಿಲನ್ನು ಮುಚ್ಚಿತು. ಬಾಡಿಗೆಯ ಕೋಣೆಯ ಬಾಗಿಲನ್ನು ತೆರೆಯಲಿಲ್ಲ. ಆ ಕಷ್ಟ ನಮಗೆ ತಿಳಿಯದುದೆ? ನಮ್ಮನ್ನು ‘ಮದ್ರಾಸಿ’ ಎಂದು ಕರೆದು, ಏನು ತಿನ್ನುತ್ತೀರಿ ಎಂದು ಕೇಳಿ ಕದ ಮುಚ್ಚಿದವರನ್ನು ನಾವೂ ಕಂಡಿದ್ದೇವೆ. ಹಾಗಿದ್ದೂ ಪಕ್ಕದ ಯಂತ್ರದವನ ನಡೆಯನ್ನು ಅಣಕಿಸಿದಾಗ ನಾವು ನಕ್ಕಿದ್ದೇವೆ. ಆ ನಗೆಗೆ ಹೆದರಿ ಅವನು ಒಬ್ಬನೇ ಬುತ್ತಿ ಬಿಚ್ಚುತ್ತಾನೆ, ಸಂಘಕ್ಕೂ ಬರುವುದಿಲ್ಲ. ನಷ್ಟ ಅವನದಷ್ಟೇ ಅಲ್ಲ, ಸಂಘದ್ದೂ ಹೌದು.

ನಾಳೆಯಿಂದ ಆ ನಗೆಯನ್ನು ನಿಲ್ಲಿಸೋಣ. ಈ ಕಾರಣಕ್ಕೆ ಯಾರನ್ನಾದರೂ ಕೆಲಸದಿಂದ ತೆಗೆದರೆ, ಕೂಲಿ ಕಡಿತವಾದಾಗ ನಿಲ್ಲುವಂತೆಯೇ ಅವರ ಜತೆಗೆ ನಿಲ್ಲೋಣ. ಅಂಜಿಕೆ ನಮ್ಮದು, ಅದನ್ನು ಬಿಡಬೇಕಾದವರೂ ನಾವೇ.