ಮಕ್ಕಳ ನಡವಳಿಕೆ: ಮನೆ ಮತ್ತು ಓಣಿಯ ಪಾತ್ರ



"ಈ ಹುಡುಗ ಹೇಳಿದ ಮಾತು ಕೇಳುವುದಿಲ್ಲ" ಎಂಬ ದೂರು ಶಾಲೆಗೂ ಹೊಸದಲ್ಲ, ಮನೆಗೂ ಹೊಸದಲ್ಲ. ಅವನ ಜಗಳ, ಸುಳ್ಳು, ಶಾಲೆ ತಪ್ಪಿಸಿ ತಿರುಗುವುದು ನಮ್ಮ ಕಣ್ಣಿಗೆ ಬೇಗ ಬೀಳುತ್ತವೆ. ಆದರೆ ರಾತ್ರಿ ಅವನು ಯಾರ ಪಕ್ಕದಲ್ಲಿ ಕೂತು ಊಟ ಮಾಡುತ್ತಾನೆ ಎಂದು ಕೇಳುವವರು ಕಡಿಮೆ. ಇಂದು ನಾನು ಆ ಪ್ರಶ್ನೆಯನ್ನೇ ನಿಮ್ಮ ಮುಂದೆ ಇಡುತ್ತೇನೆ.

ನಮ್ಮ ಭಾಗದ ಸ್ಥಿತಿ ನಿಮಗೆ ತಿಳಿದದ್ದೇ. ಯಾದಗಿರಿ 2009ರಲ್ಲಿ ಜಿಲ್ಲೆಯಾಯಿತು, ನಮ್ಮ ವಡಗೇರಾ ಈಗ ತಾಲ್ಲೂಕು ಕೇಂದ್ರ. ಅತ್ತ ಭೀಮಾ ಇತ್ತ ಕೃಷ್ಣಾ ಹರಿದರೂ ಗುಳೆ ಹೋಗುವುದು ನಿಂತಿಲ್ಲ. ಬೆಂಗಳೂರು, ಮುಂಬೈ, ಪುಣೆಗಳ ಕಟ್ಟಡ ಕೆಲಸಕ್ಕೆ ತಂದೆ-ತಾಯಿ ಹೋದಾಗ ಮಕ್ಕಳು ದಾದಿ-ನಾನಿಯರ ಬಳಿ ಉಳಿಯುತ್ತಾರೆ. ಇದಕ್ಕೆ ತಾಯಂದಿರನ್ನು ದೂರುವವರನ್ನು ಕಂಡರೆ ನನಗೆ ಬೇಸರ. ಹೊಟ್ಟೆಗಾಗಿ ಹೋದವರು ಮಕ್ಕಳನ್ನು ಮರೆತು ಹೋದವರಲ್ಲ.

ಆದರೂ ಅಗಲಿಕೆಯ ದುಃಖವನ್ನು ಹೇಳಿಕೊಳ್ಳಲು ಚಿಕ್ಕ ಮಗುವಿಗೆ ಮಾತು ಬರುವುದಿಲ್ಲ. ಅದು ಸಿಟ್ಟಾಗಿ, ಹಟವಾಗಿ ಹೊರಬೀಳುತ್ತದೆ. ಹಬ್ಬ ಮುಗಿಸಿ ಅಪ್ಪ-ಅಮ್ಮ ಬಸ್ಸು ಹತ್ತಿದ ಮರುದಿನ ಹುಡುಗ ತರಗತಿಯಲ್ಲಿ ಪಕ್ಕದವನ ಪುಸ್ತಕ ಹರಿಯುತ್ತಾನೆ. ಅದನ್ನು ಪುಂಡತನವೆಂದು ಹೊಡೆದರೆ, ಮನೆಯಲ್ಲಿ ಆಸರೆ ಕಳೆದುಕೊಂಡವನು ಶಾಲೆಯನ್ನೂ ಕಳೆದುಕೊಳ್ಳುತ್ತಾನೆ. ಶಿಕ್ಷಣ ಹಕ್ಕು ಕಾಯ್ದೆ ಹೊಡೆಯುವುದನ್ನು ನಿಷೇಧಿಸಿದೆ, ಅದಿರಲಿ. ಒಮ್ಮೆ ಗ್ಯಾರೇಜು, ಹೋಟೆಲು ಸೇರಿದ ಹುಡುಗನನ್ನು ತರಗತಿಗೆ ಮರಳಿ ಕರೆತರುವುದು ಎಷ್ಟು ಕಷ್ಟವೆಂದು ನಿಮ್ಮಲ್ಲಿ ಹಲವರು ಬಲ್ಲಿರಿ.

ಹೆಣ್ಣುಮಕ್ಕಳ ಕಷ್ಟ ಕಣ್ಣಿಗೇ ಬೀಳದಂಥದು. ತಮ್ಮ-ತಂಗಿಯರನ್ನು ನೋಡಿಕೊಳ್ಳುತ್ತ, ಹತ್ತಿ ಬಿಡಿಸುವ ದಿನಗಳಲ್ಲಿ ಶಾಲೆಗೆ ಬಾರದ ಹುಡುಗಿ, ಬಂದ ದಿನ ಮೂಲೆಯಲ್ಲಿ ಸುಮ್ಮನೆ ಕೂತಿರುತ್ತಾಳೆ. ನಾವು ಅವಳನ್ನು "ಒಳ್ಳೆಯವಳು" ಎನ್ನುತ್ತೇವೆ. ಅತಿಯಾದ ಮೌನ, ಪದೇ ಪದೇ ಬರುವ ಹೊಟ್ಟೆನೋವು ಇವನ್ನೂ ವಿಚಾರಿಸಬೇಕು.

ಹವಾಯಿಯ ಕವಾಯಿ ದ್ವೀಪದಲ್ಲಿ 1955ರಲ್ಲಿ ಹುಟ್ಟಿದ 698 ಮಕ್ಕಳನ್ನು ಎಮ್ಮಿ ವರ್ನರ್ ಎಂಬ ಮನೋವಿಜ್ಞಾನಿ ಮತ್ತು ಸಂಗಡಿಗರು ದಶಕಗಳ ಕಾಲ ಗಮನಿಸಿದರು. ಬಡತನ, ಮನೆಯ ಜಗಳಗಳಂಥ ಹಲವು ಕಷ್ಟಗಳ ನಡುವೆ ಬೆಳೆದವರಲ್ಲಿಯೂ ಸುಮಾರು ಮೂರನೇ ಒಂದು ಭಾಗದವರು ಸಮರ್ಥರಾದರು. ಅಜ್ಜಿಯೋ, ನೆರೆಯವರೋ, ಶಿಕ್ಷಕರೋ, ಕೈಬಿಡದ ಒಬ್ಬ ಹಿರಿಯರು ಅವರಿಗೆ ಇದ್ದದ್ದು ಮುಖ್ಯ ಕಾರಣಗಳಲ್ಲೊಂದು. ನಮಗೆ ಇದು ಹೊಸದೇ? ಪ್ರವಾದಿ ಮುಹಮ್ಮದ್ (ಸ) ಅವರು ಹುಟ್ಟುವ ಮೊದಲೇ ತಂದೆಯನ್ನು, ಆರನೇ ವಯಸ್ಸಿನಲ್ಲಿ ತಾಯಿ ಆಮಿನಾರನ್ನು ಕಳೆದುಕೊಂಡರು. ಅವರನ್ನು ಸಲಹಿದವರು ಅಜ್ಜ ಅಬ್ದುಲ್ ಮುತ್ತಲಿಬ್, ಬಳಿಕ ತಂದೆಯ ಸಹೋದರ ಅಬೂತಾಲಿಬ್.

ಆದ್ದರಿಂದ ಗುಳೆ ಹೋಗುವ ಮುನ್ನ ಪಾಲಕರು ಮಗುವಿನ ಹೊಣೆ ಹೊತ್ತವರ ಹೆಸರು, ಫೋನ್ ನಂಬರನ್ನು ಶಾಲೆಯಲ್ಲಿ ಬರೆಸಲಿ. ವಾರದಲ್ಲಿ ಒಂದು ಗೊತ್ತಾದ ದಿನ ತಪ್ಪದೆ ಫೋನ್ ಮಾಡಲಿ. ಅಂಕ ಎಷ್ಟು ಬಂತು ಎನ್ನುವ ಮೊದಲು, ಏನು ಉಂಡೆ, ಯಾರ ಜೊತೆ ಆಡಿದೆ ಎಂದು ಕೇಳಲಿ. ಮಗ್ರಿಬ್ ನಂತರ ಓಣಿಯ ಒಂದು ಕೋಣೆಯಲ್ಲಿ ಕಾಲೇಜು ವಿದ್ಯಾರ್ಥಿಗಳು ಚಿಕ್ಕವರೊಂದಿಗೆ ಒಂದು ತಾಸು ಓದಲು ಕೂರಬಹುದು. ವಿದ್ಯಾರ್ಥಿಗಳೇ, ಇದು ನಿಮ್ಮ ಪಾಲು.

ಎಲ್ಲದಕ್ಕೂ ಮನೆಯೇ ಕಾರಣವೆಂದಲ್ಲ. ಕಿವಿ ಸರಿಯಾಗಿ ಕೇಳದ ಮಗುವೂ ಮಾತು ಕೇಳದ ಮಗುವಿನಂತೆಯೇ ಕಾಣುತ್ತದೆ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯರು ಶಾಲೆಗೆ ಬಂದಾಗ ತೋರಿಸಿ. ಮಗು ಅಪಾಯದಲ್ಲಿದ್ದರೆ 1098ಕ್ಕೆ, ಮನಸ್ಸಿನ ತೊಂದರೆಗೆ ಟೆಲಿ ಮಾನಸ್‌ನ 14416ಕ್ಕೆ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತನಾಡಬಹುದು.