ಕೋಟೆ ಬಾಗಿಲ ಪಕ್ಕದ ಕಲ್ಲು

ಬೆಂಗಳೂರಿನ ಕೆ.ಆರ್. ಮಾರ್ಕೆಟ್ ಯಾರಿಗೆ ಗೊತ್ತಿಲ್ಲ ಹೇಳಿ! ಹೂವು, ಹಣ್ಣು, ಬಸ್ಸು, ಹಾರ್ನು. ಆ ಗಲಾಟೆಯ ಮಗ್ಗುಲಲ್ಲೇ ಬೆಂಗಳೂರು ಕೋಟೆಯ ದೆಹಲಿ ಬಾಗಿಲು ನಿಂತಿದೆ. ನಿಮ್ಮಲ್ಲಿ ಎಷ್ಟು ಜನ ಒಳಗೆ ಕಾಲಿಟ್ಟಿದ್ದೀರಿ?

1537ರಲ್ಲಿ ಕೆಂಪೇಗೌಡರು ಊರಿಗೆ ಕಟ್ಟಿಸಿದ್ದು ಮಣ್ಣಿನ ಕೋಟೆ. 1761ರ ಹೊತ್ತಿಗೆ ಹೈದರಾಲಿ ಇಲ್ಲಿ ಕಲ್ಲಿನ ಕೋಟೆ ಎಬ್ಬಿಸಿದ. ಈ ಬಾಗಿಲು ಆ ಕಲ್ಲಿನ ಕೋಟೆಯದು. ದಪ್ಪ ಕದ, ಎತ್ತರದ ಕಮಾನು, ಗೋಡೆ ಮೇಲೆ ಚೆಂದದ ಕೆತ್ತನೆ. ಒಳಗೇ ಒಂದು ಗಣಪತಿ ಗುಡಿಯೂ ಇದೆ.

ಈಗ 1791ಕ್ಕೆ ಬನ್ನಿ. ಮೂರನೇ ಮೈಸೂರು ಯುದ್ಧ. ಟಿಪ್ಪು ಸುಲ್ತಾನನ ಮೇಲೆ ದಂಡೆತ್ತಿ ಬಂದವನು ಲಾರ್ಡ್ ಕಾರ್ನ್‌ವಾಲಿಸ್. ಹತ್ತು ವರ್ಷದ ಹಿಂದೆ ಅಮೆರಿಕದ ಯಾರ್ಕ್‌ಟೌನ್‌ನಲ್ಲಿ ಶರಣಾಗಿ ಬಂದಿದ್ದನಲ್ಲ, ಅದೇ ಆಸಾಮಿ! ಮಾರ್ಚ್ 7ರಂದು ಅವನ ಸೈನ್ಯ ಪೇಟೆಗೆ ನುಗ್ಗಿತು. ಅಲ್ಲಿನ ಬಾಗಿಲಲ್ಲಿ ಬ್ರಿಟಿಷರ ಕರ್ನಲ್ ಮೂರ್‌ಹೌಸ್ ಸತ್ತ. ಅವನ ಸಾವಿನ ಚಿತ್ರವನ್ನು ರಾಬರ್ಟ್ ಹೋಮ್ ಎಂಬ ಕಲಾವಿದ ಬರೆದ.

ಪೇಟೆ ಬಿದ್ದರೂ ಕೋಟೆ ಬೀಳಲಿಲ್ಲ. ಎರಡು ವಾರ ಫಿರಂಗಿ ಹೊಡೆದು ಹೊಡೆದು ಗೋಡೆ ಒಡೆದರು. ಮಾರ್ಚ್ 21ರ ರಾತ್ರಿ ಆ ಬಿರುಕಿನಿಂದಲೇ ಒಳಗೆ ನುಗ್ಗಿದರು. ಕಿಲ್ಲೇದಾರ ಬಹದ್ದೂರ್ ಖಾನ್ ಓಡಿಹೋಗಲಿಲ್ಲ. ವಯಸ್ಸಾದ ಮನುಷ್ಯ. ಕೋಟೆಯಲ್ಲೇ ಹೋರಾಡುತ್ತಾ ಸತ್ತ.

ಇವತ್ತು ಅಲ್ಲಿ ಗೋಡೆಗೆ ಒಂದು ಕಲ್ಲಿನ ಫಲಕ ಇದೆ. ಇಂಗ್ಲಿಷಿನಲ್ಲಿ. ಬ್ರಿಟಿಷರ ದಾಳಿ ನಡೆದದ್ದು ಇದೇ ಬಿರುಕಿನಿಂದ ಅಂತ ಹೇಳಿ, ತಾರೀಖು ಹಾಕಿದೆ. ಅಷ್ಟೇ. ಗೆದ್ದವರು ಹಾಕಿಸಿದ ಕಲ್ಲು, ಗೆದ್ದವರ ಮಾತು. ನುಗ್ಗಿದವರ ಲೆಕ್ಕ ಇದೆ, ತಡೆದು ನಿಂತವನ ಹೆಸರಿಲ್ಲ. ಮೂರ್‌ಹೌಸ್‌ಗೆ ಚಿತ್ರ ಸಿಕ್ಕಿತು, ಬಹದ್ದೂರ್ ಖಾನ್‌ಗೆ ಆ ಕಲ್ಲಿನಲ್ಲಿ ಒಂದು ಸಾಲೂ ಸಿಗಲಿಲ್ಲ.

ಆಮೇಲೆ ಕೋಟೆ ಕರಗುತ್ತಾ ಬಂತು. ಗೋಡೆ ಕೆಡವಿದರು, ರಸ್ತೆ ಮಾಡಿದರು. ಪೇಟೆಯ ಬಾಗಿಲುಗಳಂತೂ ಗುರುತೇ ಇಲ್ಲ. ಹಲಸೂರು ಗೇಟ್ ಅಂದ್ರೆ ಇವತ್ತು ನಮಗೆ ನೆನಪಾಗೋದು ಪೊಲೀಸ್ ಠಾಣೆ! ಗೇಟ್ ಎಲ್ಲಿ ಸ್ವಾಮಿ ಅಂತ ಯಾರೂ ಕೇಳಲ್ಲ.

ಆ ಇಂಗ್ಲಿಷ್ ಕಲ್ಲನ್ನು ಕಿತ್ತುಹಾಕಿ ಅಂತ ನಾನು ಹೇಳ್ತಿಲ್ಲ. ಇರಲಿ, ಅದೂ ಚರಿತ್ರೆಯೇ. ಸರ್ಕಾರಕ್ಕೆ, ಪುರಾತತ್ವ ಇಲಾಖೆಗೆ ನನ್ನದು ಒಂದೇ ಬೇಡಿಕೆ. ಅದರ ಪಕ್ಕದಲ್ಲೇ ಇನ್ನೊಂದು ಕಲ್ಲು ನಿಲ್ಲಿಸಿ. ಕನ್ನಡದಲ್ಲಿ, ಬಹದ್ದೂರ್ ಖಾನ್ ಹೆಸರು ಕೆತ್ತಿಸಿ.